ಅಲಗು ಹೇಳಿದ್ದು

ಭವಾನಿ ಪೇಟೆಯೊಳಗ, ರಸವಂತಿ ಅಂಗಡಿ ಬಾಜೂಕ
ನನ್ನ ಸೈಕಲ್ಲು ನಿಂತಿರತದ, ಹಿಂದಿನ ಗಾಲಿ ನೆಲ ಬಿಟ್ಟು.
ಪೆಡಲು ತುಳಿದರ ಸಾಣಿಕಲ್ಲು ತಿರಗತದ.
ಇಂಡಿ ತಾಲೂಕು ಬಿಟ್ಟು ನಲವತ್ತೊಂದು ವರ್ಷ,
ಇನ್ನೂ ಪುಣೆ ಮುಂದಕ್ಕ ಹೋಗ್ಯದ, ನಾ ಅಲ್ಲೇ ತುಳೀತೀನಿ.
ಕಸಾಯಿಯವರ ಕತ್ತಿ, ದರ್ಜಿ ಕತ್ತರಿ, ಈಳಿಗಿ:
ಅಲಗು ಕೈಗೆ ಬಂದ್ರ ಮನಿ ಗೊತ್ತಾಗತದ ನನಗ.
ಯಾರ ಮನ್ಯಾಗ ಮಾಂಸ ಶುಕ್ರವಾರಕ್ಕಷ್ಟೇ,
ಯಾವ ದರ್ಜಿಗೆ ಕಣ್ಣು ಮಂಜಾಗ್ಯಾವ.

ಈ ಹುಡುಗಿ ಹೋದ ವರ್ಷ ತಂದದ್ದು ಮಾತ್ರ ನಾ ಕಂಡಿದ್ದಿಲ್ಲ.
ಬೂಟು. ಬೂಟಿನ ಬುಡಕ ಅಲಗು.
"ಯಾರನ್ನ ಕಡಿಯಾಕ ಹೊಂಟಿ ಮಗಳ, ಕಾಲಿಂದ?" ಅಂದೆ.
ನಕ್ಕಳು. ಕೇತಕಿ ಭೋಂಡವೆ. ಆಗ ಹದಿನಾರು.
ಬರ್ಫದ ಮ್ಯಾಲ ಹಾಕಿ ಆಡತಾಳಂತ!
ಈ ಊರಾಗ, ಏಪ್ರಿಲ್ ಡಾಂಬರು ಚಪ್ಪಲಿ ಹಿಡಿದರ ಬಿಡದ ಊರಾಗ.
ವರ್ಷಪೂರ್ತಿ ಗಾಲಿ ಬೂಟು, ಸಿಮೆಂಟಿನ ಅಂಗಳ;
ಜನವರಿ ಬಂತಂದ್ರ ಎರಡು ದಿನ ರೈಲು, ಒಂದು ದಿನ ಬಸ್ಸು,
ಹಿಮಾಚಲದಾಗ ಕೆರಿ ಗಟ್ಟಿಯಾಗೂ ಯಾವುದೋ ಊರು.

ಅವಳೇ ಕಲಿಸಿದಳು: ಅಲಗಿಗೆ ಒಂದು ಅಂಚಲ್ಲ ಚಾಚಾ, ಎರಡು.
ಒಳಗೊಂದು, ಹೊರಗೊಂದು, ನಡುವ ಸಣ್ಣ ಕಾಲುವಿ
ಉದ್ದಕ್ಕ, ತೋಟಕ್ಕ ನೀರು ಹಾಯಿಸಿದ್ಹಂಗ.
ಕಲ್ಲಿನ ಮುಖ ಹೊಡೆದು ದುಂಡಗ ಮಾಡಿಕೊಂಡೆ,
ಮೂರು ದಿನ ಗುಜರಿ ಕಬ್ಬಿಣದ ಮ್ಯಾಲ ತಾಲೀಮು.
ನಮ್ಮ ಮುತ್ತಜ್ಜ ಸವಾರರ ಖಡ್ಗಕ್ಕ ಸಾಣಿ ಹಿಡದವ ಅಂತಿದ್ರು ಮನ್ಯಾಗ.
ಸುಳ್ಳಿರಬಹುದು. ಆ ಮೂರು ದಿನ ನಂಬಿದೆ.

ಇವತ್ತು ಮತ್ತ ಬಂದಾಳ, ಕೋಚ್ ಬರೆದ ಚೀಟಿ ಹಿಡಕೊಂಡು.
ಬರೂ ಸೀಸನ್ನಿನ ಲೆಕ್ಕ. ಉಗುರು ಕಡಕೋತ ಓದಿದಳು:
ವೇಗ, ಚಲೋ. ಕೋಲಿನ ಕೈಗುಣ, ಚಲೋ.
ತೂಕ, ನಾಕು ಕಿಲೋ ಕಮ್ಮಿ.
ಮೊದಲ ತಂಡಕ್ಕ, "ಇನ್ನೊಂದು ವರ್ಷ ನೋಡೋಣ."
ಅಲ್ಲೀತನಕ ಎರಡನೇ ದರ್ಜೆಯ ಲೀಗು, ಮೂರನೇ ಸಾಲು,
ಪಂದ್ಯಕ್ಕ ಹೆಚ್ಚಂದ್ರ ಆರು ನಿಮಿಷ.
"ಒಂದು ನಿಮಿಷಕ್ಕ ಎಷ್ಟು ರೂಪಾಯಿ ಬೀಳತದಂತ
ಆಯಿ ಕ್ಯಾಲೆಂಡರಿನ ಹಿಂದ ಬರೆದಿಟ್ಟಾಳ."

ನಾ ಬೂಟು ಮಗ್ಗಲಾಗಿಸಿ ಬಿಸಿಲಿಗೆ ಹಿಡದೆ.
ಎಡಗಾಲಿನ ಹೊರ ಅಂಚು ತಿಂದುಹೋಗ್ಯದ.
ಬಲಗಾಲಿನ ಹೊರ ಅಂಚು ಮಾತ್ರ
ಹೋದ ವರ್ಷ ನಾ ಬಿಟ್ಟ ಹಂಗೇ, ಮದುವಿ ಪಾತ್ರೆಯ ಹೊಳಪು.
"ಬಲಕ್ಕ ಹೊರಳೂದಿಲ್ಲ ನೀ," ಅಂದೆ.
ಸುಮ್ಮನಾದಳು. ಕಬ್ಬಿನ ಗಾಣದ ಗೆಜ್ಜಿ ಅಷ್ಟೇ ಝಲ್ ಝಲ್.
"ಕೋಚ್ ಹೇಳಿದ್ರೇನು?"
"ಚೀಟಿ ನೀನೇ ಓದಿದೆಲ್ಲ. ಅದರಾಗ ಎಲ್ಲದ?"

ಆಮ್ಯಾಲ ಹೇಳಿದಳು. ಬಲಕ್ಕ ತಿರುಗುವಾಗ ಬಿದ್ದದ್ದು.
ತನಗೇನಾಗಲಿಲ್ಲ. ಎದುರಿನ ಹುಡುಗಿಯ ಎರಡು ಹಲ್ಲು
ಬರ್ಫದ ಮ್ಯಾಲ ಬಿದ್ದು, ಬಿಳಿ ಮ್ಯಾಲ ಬಿಳಿ,
ಹನ್ನೆರಡು ಹುಡುಗ್ಯಾರು ಮೊಣಕಾಲೂರಿ ಹುಡುಕಿದರೂ
ಸಿಗಲಿಲ್ಲ.

ನಾ ಏನು ಹೇಳಲಿ.
ನನ್ನ ಕಲ್ಲಿಂದ ಇಳಿದ ಕತ್ತಿ ಎಲ್ಲೆಲ್ಲಿ ಹೋಗ್ಯಾವೋ
ಲೆಕ್ಕ ಇಟ್ಟಿಲ್ಲ. ಇಟ್ಟಿದ್ರ ಪೆಡಲು ಮ್ಯಾಲೇಳತಿರಲಿಲ್ಲ.
ಇದನ್ನ ಅವಳಿಗೆ ಹೇಳಲಿಲ್ಲ.
ನಾಕೂ ಅಂಚು ಒಂದೇ ಸಮ ಹಿಡದೆ,
ಹೊಸಾದಿದ್ದದ್ದನ್ನೂ ಬಿಡಲಿಲ್ಲ.
ರಸವಂತಿಯ ಪರಶ್ಯಾನ ಕಡೆ ಒಂದು ಬರ್ಫದ ಗಡ್ಡಿ ಇಸಕೊಂಡು
ಅಂಟಿದ ಹೊಟ್ಟು ಒರೆಸಿ, ಬೂಟಿನೊಳಗ ಕೈ ತೂರಿಸಿ ಎಳೆದೆ:
ಎರಡು ಗೆರಿ, ಕೂದಲಷ್ಟು ಸಣ್ಣ, ಜೋಡಿ.
"ತಾ ಇಲ್ಲೆ," ಅಂದಳು.
ಮೊದಲು ಎಡಕ್ಕ ಎಳೆದಳು.
ಗಡ್ಡಿ ಕರಗಿ ನೀರು ಮೊಣಕೈಗೆ ಇಳಿಯೂತನಕ ಕಾದಳು,
ಆಮ್ಯಾಲ ಬಲಕ್ಕ. ಅರ್ಧ.

ನಲವತ್ತು ರೂಪಾಯಿ ಕೊಟ್ಟಳು, ತಗೊಂಡೆ.
ಪುಕ್ಕಟ ಸಾಣಿ ಹಿಡಿದ ಅಲಗು ಒಡೆಯನ್ನೇ ಕಡೀತದ ಅಂತಾರ ನಮ್ಮಂದಿ.
"ಈ ಸಲ ಹ್ಯಾಂಗ ಆದೀತು ಚಾಚಾ?"
"ಅಲಗಿಗೆ ಹಿಂದಿನದು ಗೊತ್ತು ಮಗಳ, ಮುಂದಿನದಿಲ್ಲ.
ಬಂದ ಮ್ಯಾಲ ತಂದು ತೋರಸು."

ಅವಳ ಬ್ಯಾಗು ಬಸ್ಸಿನ ಬಾಗಿಲದಾಗ ಸಿಕ್ಕು, ಬಿಡಿಸಿಕೊಂಡು, ಹೋತು.
ಪರಶ್ಯಾ ಬರ್ಫದ ಗಡ್ಡಿ ತಿರುಗಿ ಇಸಕೊಂಡ,
ಗೋಣಿಯೊಳಗಿಟ್ಟು ಕುಟ್ಟಿ
ಯಾರದೋ ಗ್ಲಾಸಿಗೆ ಹಾಕಿದ, ಗೆರಿ ಸಹಿತ.